ಬಾರದ 118 ರೂಪಾಯಿ

ಶಿವಗಂಗೆಯ ಗಂಗಾಧರೇಶ್ವರನಿಗೆ ಸವರಿದ ತುಪ್ಪವು ಬೆಣ್ಣೆಯಾಗುವುದೆಂದು ಭಕ್ತರ ನಂಬುಗೆ. ಬೆಟ್ಟದ ಬುಡದಲ್ಲಿ ಯಾತ್ರಿಕರಿಗೆ ಕೋಣೆ ಕೊಡುವ ಗೃಹಸ್ಥರ ಹಣವಾದರೋ ದಾರಿಯಲ್ಲಿ ಕರಗಿಯೇ ಕೈಸೇರುವುದು! ಯಾತ್ರಿಕನೊಬ್ಬನು ಅಂತರ್ಜಾಲದಲ್ಲಿ ಕ್ರೆಡಿಟ್ ಕಾರ್ಡಿನಿಂದ 5000 ರೂ. ತೆತ್ತನೆನ್ನಿ. ಹಣ ಸಾಗಿಸುವ ಮಧ್ಯವರ್ತಿ ಸಂಸ್ಥೆಯು ನೂರಕ್ಕೆ 2ರಂತೆ 100 ರೂ. ರುಸುಮು, ಅದರ ಮೇಲೆ 18 ರೂ. ಜಿ.ಎಸ್.ಟಿ. ಹಿಡಿದುಕೊಂಡರೆ ಬ್ಯಾಂಕಿಗೆ ಬರುವುದು 4882 ರೂ.; ಅದೂ ಒಂದೆರಡು ದಿನ ತಡೆದು, ಹಲವರ ಹಣದೊಡನೆ ಒಟ್ಟುಗೂಡಿ. ಕೊರತೆ ಕಂಡು ನಿರಪರಾಧಿಯಾದ ಗುಮಾಸ್ತನನ್ನು ಶಂಕಿಸುವುದುಂಟು, ಪಾಪ!

ಬ್ಯಾಂಕಿಗೆ ಬಂದುದನ್ನೇ ವರಮಾನವೆಂದು ಬರೆಯಲಾಗದು. ಟ್ಯಾಲಿಯಂತಹ ತಂತ್ರಾಂಶದಲ್ಲಿಯೂ ಮಧ್ಯವರ್ತಿಯ ಹೆಸರಿನಲ್ಲೊಂದು ಖಾತೆ ತೆರೆದು, ಪೂರ್ಣ 5000ವನ್ನು ಬಾಕಿಯೆಂದು ಬರೆಯಿರಿ. ಬಂದುದನ್ನೂ ಹಿಡಿದುಕೊಂಡುದನ್ನೂ ಅದರಲ್ಲಿ ಕಳೆಯಿರಿ. ಸೊನ್ನೆ ಉಳಿದರೆ ಲೆಕ್ಕ ತಾಳೆಯಾಯಿತು. ಬಾಕಿ ನಿಂತಿತೇ? ಹಿಂದಿರುಗಿಸಿದ ಮುಂಗಡವೋ, ಇನ್ನೂ ಬಾರದ ಹಣವೋ ಎಂದು ಸಂಸ್ಥೆಯ ಪಟ್ಟಿಯಲ್ಲಿ ನೋಡಿರಿ.