ಬಿಂಬಪ್ರತಿ ಮತ್ತು ರೆಸ್ಕ್ಯೂ ಮಾಧ್ಯಮ: ಗಣಕದಲ್ಲಿರುವ ಹಸ್ತಪ್ರತಿಸಂಗ್ರಹದ ರಕ್ಷಣೆ

1. ವಿಷಯಪ್ರವೇಶ

ಹಸ್ತಪ್ರತಿಗಳ ಇತಿಹಾಸವೆಂಬುದು ಬಹುಮಟ್ಟಿಗೆ ಪ್ರತೀಕರಣದ ಇತಿಹಾಸ. ಓಲೆಗರಿ ಎಷ್ಟೇ ಬಾಳಿಕೆಯದಾದರೂ ಹುಳು, ತೇವ, ಬೆಂಕಿಗಳಿಗೆ ಒಂದಲ್ಲ ಒಂದು ಕಾಲಕ್ಕೆ ಈಡಾಗುತ್ತದೆ. ಅದಕ್ಕೆ ಮುನ್ನ ಯಾರೋ ಒಬ್ಬರು ಪ್ರತಿ ಮಾಡಿಸಿಟ್ಟಿದ್ದರೆ ಗ್ರಂಥ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ಷಟ್ಖಂಡಾಗಮದ ಧವಲಾ ಟೀಕೆಯ ಪ್ರಾಚೀನ ಓಲೆಪ್ರತಿಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದುಬಂದುದನ್ನೂ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಪ್ರತೀಕರಣದ ಫಲವಾಗಿಯೇ 1939ರಿಂದ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅದು ಮುದ್ರಿತವಾಗಿ ಹೊರಬರಲು ಸಾಧ್ಯವಾದುದನ್ನೂ ವಿದ್ವಾಂಸರು ಬಲ್ಲರು.

ಇಂದು ಹಸ್ತಪ್ರತಿಭಂಡಾರಗಳಲ್ಲಿ ಲಿಪಿಕಾರನ ಕಂಠದ ಸ್ಥಾನಕ್ಕೆ ಕ್ಯಾಮೆರಾ ಮತ್ತು ಸ್ಕ್ಯಾನರುಗಳು ಬಂದಿವೆ. ಛಾಯಾಪ್ರತಿಗಳು ಗಣಕಯಂತ್ರದ ಡಿಸ್ಕಿನಲ್ಲಿ ನೆಲೆಸುತ್ತವೆ. ಛಾಯಾಗ್ರಹಣದ ಅನಂತರ ಮೂಲದ ಗರಿ ಮುರಿದುಹೋದರೆ ಡಿಸ್ಕಿನಲ್ಲಿರುವ ಛಾಯೆಯೇ ಆ ಪಾಠಕ್ಕೆ ಏಕೈಕ ಸಾಕ್ಷಿಯಾಗುತ್ತದೆ. ಆದರೆ ಓಲೆಯ ಆಯುಸ್ಸನ್ನು ಶತಮಾನಗಳಲ್ಲಿ ಅಳೆದರೆ, ಡಿಸ್ಕಿನ ಆಯುಸ್ಸನ್ನು ವರ್ಷಗಳಲ್ಲಿ ಅಳೆಯಬೇಕು. ಓಲೆ ಮೆಲ್ಲಮೆಲ್ಲನೆ ಸವೆಯುತ್ತ ಎಚ್ಚರಿಕೆ ಕೊಡುತ್ತದೆ. ಡಿಸ್ಕು ನಿನ್ನೆ ಸರಿಯಾಗಿದ್ದು ಇಂದು ಬೆಳಿಗ್ಗೆ ತೆರೆಯದೆ ಹೋಗಬಹುದು. ಈ ಅಪಾಯಕ್ಕೆ ಪರಿಹಾರವಾದ ಬಿಂಬಪ್ರತಿ, ಅಂದರೆ ಡಿಸ್ಕ್ ಇಮೇಜ್, ಮತ್ತು ಅದರ ಸಂಗಾತಿಯಾದ ರೆಸ್ಕ್ಯೂ ಮಾಧ್ಯಮ ಇವುಗಳ ಸ್ವರೂಪವನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

2. ಕಡತಪ್ರತಿ ಮತ್ತು ಬಿಂಬಪ್ರತಿ

ಡಿಸ್ಕಿನಲ್ಲಿರುವುದನ್ನು ಎರಡು ಬಗೆಯಾಗಿ ಪ್ರತಿ ಮಾಡಬಹುದು. ಬೇಕಾದ ಕಡತಗಳನ್ನಷ್ಟೇ ಬೇರೊಂದು ಡಿಸ್ಕಿಗೆ ಎತ್ತಿಕೊಳ್ಳುವುದು ಮೊದಲನೆಯದು. ಇದು ಗ್ರಂಥದ ಪಾಠವನ್ನು ಮಾತ್ರ ಹೊಸ ಓಲೆಗೆ ಬರೆದುಕೊಂಡಂತೆ. ಎರಡನೆಯದು ಡಿಸ್ಕನ್ನು ಅದರ ಆರಂಭದಿಂದ ಕೊನೆಯವರೆಗೆ ಇದ್ದುದು ಇದ್ದಂತೆ ಪ್ರತಿ ಮಾಡುವುದು. ಇದು ಗರಿಗಳ ಅನುಕ್ರಮ, ಪತ್ರಾಂಕ, ಅಂಚಿನ ಟಿಪ್ಪಣಿ, ಬರಿಯ ಗರಿ ಇವೆಲ್ಲವನ್ನೂ ಬಿಡದೆ ಇಡೀ ಕಟ್ಟನ್ನೇ ಮತ್ತೆ ನಿರ್ಮಿಸಿದಂತೆ. ಇದಕ್ಕೆ ಬಿಂಬಪ್ರತಿ ಎಂದು ಹೆಸರು.

ಡಿಸ್ಕು ಸೆಕ್ಟರ್ ಎಂಬ ಸಮಾನ ಘಟಕಗಳಾಗಿ ವಿಭಾಗಗೊಂಡಿರುತ್ತದೆ. ಒಂದೊಂದು ಸೆಕ್ಟರ್ 512 ಅಥವಾ 4096 ಬೈಟ್‌ಗಳಷ್ಟಿರುತ್ತದೆ. ಹಳೆಯ ಪದ್ಧತಿಯ ಡಿಸ್ಕಿನಲ್ಲಿ ಮೊದಲನೆಯ ಸೆಕ್ಟರಿನ 512 ಬೈಟ್‌ಗಳ ಪೈಕಿ 446 ಬೈಟ್‌ಗಳು ಗಣಕವನ್ನು ಚಾಲನೆಗೆ ತರುವ ಸಂಕೇತಗಳಿಗೂ, 64 ಬೈಟ್‌ಗಳು ಪಾರ್ಟಿಷನ್‌ಗಳ, ಅಂದರೆ ಡಿಸ್ಕಿನ ವಿಭಾಗಗಳ, ಪಟ್ಟಿಗೂ, ಕೊನೆಯ 2 ಬೈಟ್‌ಗಳು ಗುರುತಿನ ಮುದ್ರೆಗೂ ಮೀಸಲು. ಈ ಪದ್ಧತಿ ಸಾಮಾನ್ಯವಾಗಿ 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿಯಾಗಿ ನಿರ್ವಹಿಸಲಾರದಾದ್ದರಿಂದ ಈಚಿನ ಗಣಕಗಳಲ್ಲಿ ಜಿಪಿಟಿ ಎಂಬ ಪದ್ಧತಿ ಬಳಕೆಯಲ್ಲಿದೆ. ಅದರಲ್ಲಿ ವಿಭಾಗಗಳ ಪಟ್ಟಿ ಡಿಸ್ಕಿನ ಆರಂಭದಲ್ಲಿ ಒಂದು, ಅಂತ್ಯದಲ್ಲಿ ಒಂದು, ಹೀಗೆ ಎರಡು ಕಡೆ ಇರುತ್ತದೆ. ಈ ಪಟ್ಟಿಗಳಾಗಲಿ ಚಾಲಕಸಂಕೇತಗಳಾಗಲಿ ಸಾಮಾನ್ಯ ಕಡತಗಳಂತೆ ಕಣ್ಣಿಗೆ ಬೀಳುವುದಿಲ್ಲ. ಆದಕಾರಣ ಕಡತಪ್ರತಿಯಲ್ಲಿ ಬರುವುದೂ ಇಲ್ಲ.

ಈ ಭೇದದ ಪರಿಣಾಮ ಡಿಸ್ಕು ಕೆಟ್ಟ ದಿನ ಗೋಚರವಾಗುತ್ತದೆ. ಹಸ್ತಪ್ರತಿಗಳ ಸೂಚೀಪಟ್ಟಿಯ ತಂತ್ರಾಂಶ, ಅದರ ದತ್ತಕೋಶ, ಹಳೆಯ ಕನ್ನಡ ಅಕ್ಷರವಿನ್ಯಾಸಗಳು, ಸ್ಕ್ಯಾನರಿನ ಚಾಲಕತಂತ್ರಾಂಶ ಇವುಗಳಲ್ಲಿ ಕೆಲವನ್ನು ಈಗ ಮತ್ತೆ ಪಡೆಯುವುದೇ ಕಷ್ಟ. ಕಡತಪ್ರತಿಯೊಂದೇ ಇದ್ದರೆ ಛಾಯಾಪ್ರತಿಗಳು ದೊರೆತಾವು, ಅವುಗಳನ್ನು ಜೋಡಿಸಿದ ವ್ಯವಸ್ಥೆ ದೊರೆಯದು. ಬಿಂಬಪ್ರತಿಯನ್ನು ಹೊಸ ಡಿಸ್ಕಿಗೆ ಇಳಿಸಿದರೆ ಗಣಕವು ಹಿಂದೆ ಇದ್ದ ಸ್ಥಿತಿಗೇ ಮರಳುತ್ತದೆ.

ಬಿಂಬಪ್ರತಿಯಲ್ಲಿಯೂ ಎರಡು ವಿಧಗಳುಂಟು. ಖಾಲಿ ಸೆಕ್ಟರುಗಳನ್ನೂ ಸೇರಿಸಿ ಎಲ್ಲವನ್ನೂ ತೆಗೆದುಕೊಳ್ಳುವುದು ಸಂಪೂರ್ಣ ಬಿಂಬ. ಬಳಕೆಯಲ್ಲಿರುವ ಭಾಗವನ್ನಷ್ಟೇ ತೆಗೆದುಕೊಳ್ಳುವುದು ಸಂಕ್ಷಿಪ್ತ ಬಿಂಬ. ದಿನನಿತ್ಯದ ರಕ್ಷಣೆಗೆ ಎರಡನೆಯದು ಸಾಕು. ಅಳಿಸಿಹೋದ ಕಡತವನ್ನು ಹುಡುಕಬೇಕಾದಾಗ ಮೊದಲನೆಯದೇ ಬೇಕು. ಏಕೆಂದರೆ ಅಳಿಸಿದ ಕಡತದ ಅವಶೇಷಗಳು ಗಣಕವು ಖಾಲಿಯೆಂದು ತಿಳಿದಿರುವ ಸ್ಥಳದಲ್ಲಿಯೇ ಉಳಿದಿರುತ್ತವೆ.

3. ತಂತ್ರಾಂಶಗಳು

ಯೂನಿಕ್ಸ್ ವ್ಯವಸ್ಥೆಯಲ್ಲಿ 1970ರ ದಶಕದಿಂದಲೂ ಇರುವ ಡಿಡಿ ಎಂಬ ಆದೇಶವು ಡಿಸ್ಕನ್ನು ಬೈಟ್ ಬೈಟಾಗಿ ಪ್ರತಿ ಮಾಡಬಲ್ಲುದು. ನ್ಯೂಜಿಲೆಂಡಿನಲ್ಲಿ ಮರ್ರೆ ಹ್ಯಾಸರ್ಡ್ ಅವರು ರಚಿಸಿದ ಘೋಸ್ಟ್ ಎಂಬ ತಂತ್ರಾಂಶವು ಈ ಕಾರ್ಯವನ್ನು ಕಚೇರಿಗಳ ಮಟ್ಟಕ್ಕೆ ತಂದಿತು. 1998ರಲ್ಲಿ ಅದು ಸಿಮ್ಯಾಂಟೆಕ್ ಸಂಸ್ಥೆಯ ಪಾಲಾಯಿತು. ವಿಂಡೋಸ್‌ನಲ್ಲಿಯೇ ಅಡಕವಾಗಿರುವ ಬಿಂಬಪ್ರತಿಯ ಸೌಲಭ್ಯವನ್ನು ಮುಂದೆ ಬೆಳೆಸುವುದಿಲ್ಲವೆಂದು ಮೈಕ್ರೋಸಾಫ್ಟ್ 2017ರಲ್ಲಿಯೇ ಸೂಚಿಸಿರುವುದರಿಂದ ಅದನ್ನೊಂದನ್ನೇ ಆಶ್ರಯಿಸುವುದು ಉಚಿತವಲ್ಲ.

ತೈವಾನಿನ ರಾಷ್ಟ್ರೀಯ ಉಚ್ಚಸಾಮರ್ಥ್ಯ ಗಣಕಕೇಂದ್ರದಲ್ಲಿ ರೂಪುಗೊಂಡ ಕ್ಲೋನ್‌ಝಿಲ್ಲಾ ಉಚಿತವಾಗಿ ದೊರೆಯುತ್ತದೆ; ಸಾಮಾನ್ಯವಾಗಿ ಅದು ಸಂಕ್ಷಿಪ್ತ ಬಿಂಬವನ್ನು ತೆಗೆಯುತ್ತದೆ. ಅದರ ಎರಡು ಮಿತಿಗಳನ್ನು ಅರಿತಿರಬೇಕು. ಬಿಂಬವನ್ನು ಇಳಿಸುವ ಹೊಸ ಡಿಸ್ಕು ಸಾಮಾನ್ಯವಾಗಿ ಹಳೆಯದರಷ್ಟಾದರೂ ದೊಡ್ಡದಾಗಿರಬೇಕು. ಮತ್ತು ಬಿಂಬದೊಳಗಿನಿಂದ ಒಂದೇ ಒಂದು ಕಡತವನ್ನು ನೇರವಾಗಿ ಹೊರತೆಗೆಯುವ ಅನುಕೂಲ ಅದರಲ್ಲಿಲ್ಲ. ಆದ್ದರಿಂದ ಬಿಂಬಪ್ರತಿ ಇದೆಯೆಂದು ಕಡತಪ್ರತಿಯನ್ನು ಕೈಬಿಡಲಾಗದು.

ಕಾರ್ಯದ ಪ್ರಮಾಣವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಕಟ್ಟಿನಲ್ಲಿ 300 ಗರಿಗಳು, ಗರಿಯ ಒಂದೊಂದು ಮುಖದ ಛಾಯೆಗೆ 50 ಎಂಬಿ ಎಂದು ಭಾವಿಸಿದರೆ, ಒಂದು ಕಟ್ಟಿಗೆ 30 ಜಿಬಿ, ನೂರು ಕಟ್ಟುಗಳಿಗೆ 3 ಟಿಬಿ ಸ್ಥಳ ಬೇಕು. ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಇದರ ಪ್ರತಿಗೆ ಎಂಟು ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತದೆ. ಆ ಅವಧಿಯಲ್ಲಿ ವಿದ್ಯುತ್ತು ಕಡಿದುಹೋಗದಂತೆ ಯುಪಿಎಸ್‌ನ ಏರ್ಪಾಡು ಅವಶ್ಯಕ.

4. ರೆಸ್ಕ್ಯೂ ಮಾಧ್ಯಮದ ಸ್ವರೂಪ

ಬಿಂಬಪ್ರತಿ ಸಿದ್ಧವಿದ್ದರೂ ಅದನ್ನು ಇಳಿಸುವ ತಂತ್ರಾಂಶವು ಕೆಟ್ಟ ಡಿಸ್ಕಿನಲ್ಲಿಯೇ ಇದ್ದರೆ ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟಂತಾಗುತ್ತದೆ. ಗಣಕದ ಸ್ವಂತ ಡಿಸ್ಕಿನ ನೆರವಿಲ್ಲದೆ ತಾನಾಗಿಯೇ ಅದನ್ನು ಚಾಲನೆಗೆ ತರಬಲ್ಲ ಸಿಡಿ ಅಥವಾ ಪೆನ್‌ಡ್ರೈವಿಗೆ ರೆಸ್ಕ್ಯೂ ಮಾಧ್ಯಮವೆಂದು ಹೆಸರು. ಸಿಡಿಯಿಂದ ಗಣಕವನ್ನು ಆರಂಭಿಸುವ ಕ್ರಮವನ್ನು ಫೀನಿಕ್ಸ್ ಮತ್ತು ಐಬಿಎಂ ಸಂಸ್ಥೆಗಳು 1995ರಲ್ಲಿ ಎಲ್ ಟೊರಿಟೊ ಎಂಬ ಹೆಸರಿನಲ್ಲಿ ನಿರ್ದಿಷ್ಟಪಡಿಸಿದವು. 2000ದಲ್ಲಿ ಜರ್ಮನಿಯ ಕ್ಲಾಸ್ ಕ್ನೊಪ್ಪರ್ ಅವರು ಹೊರತಂದ ಕ್ನೊಪ್ಪಿಕ್ಸ್, ಸಂಪೂರ್ಣ ವ್ಯವಸ್ಥೆಯೊಂದನ್ನು ಸಿಡಿಯಿಂದಲೇ ನಡೆಸಿ ತೋರಿಸಿತು. ಇಂದು ಈ ಕೆಲಸಕ್ಕೆ ಪೆನ್‌ಡ್ರೈವೇ ಹೆಚ್ಚು ಬಳಕೆಯಲ್ಲಿದೆ.

ಹೊರಗಿನಿಂದ ಆರಂಭಿಸುವುದರಲ್ಲಿ ಇನ್ನೊಂದು ಲಾಭವುಂಟು. ಗಣಕವು ತನ್ನ ಡಿಸ್ಕಿನಿಂದಲೇ ನಡೆಯುತ್ತಿರುವಾಗ ಕಡತಗಳು ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತವೆ. ಆ ಸ್ಥಿತಿಯಲ್ಲಿ ಬಿಂಬ ತೆಗೆಯಲು ವಿಂಡೋಸ್‌ನಲ್ಲಿ ವಿಶೇಷ ಉಪಾಯಗಳಿದ್ದರೂ, ಡಿಸ್ಕು ನಿಶ್ಚಲವಾಗಿರುವಾಗ ತೆಗೆದ ಬಿಂಬ ಹೆಚ್ಚು ನಿಸ್ಸಂದೇಹವಾದುದು.

ಮಾಧ್ಯಮವನ್ನು ಸಿದ್ಧಪಡಿಸುವ ಕ್ರಮ ಹೀಗಿದೆ. ಕ್ಲೋನ್‌ಝಿಲ್ಲಾದಂತಹ ವ್ಯವಸ್ಥೆಯನ್ನು ಐಎಸ್‌ಒ ಎಂಬ ರೂಪದ ಒಂದೇ ಕಡತವಾಗಿ ಇಳಿಸಿಕೊಳ್ಳಬೇಕು. ಆ ಕಡತವನ್ನು ಪೆನ್‌ಡ್ರೈವಿಗೆ ಸುಮ್ಮನೆ ನಕಲು ಮಾಡಿದರೆ ಗಣಕವು ಆರಂಭವಾಗುವುದಿಲ್ಲ. ರೂಫಸ್‌ನಂತಹ ತಂತ್ರಾಂಶದಿಂದ ಅದನ್ನು ಬರೆಯಬೇಕು. ಹೀಗೆ ಬರೆಯುವಾಗ ಪೆನ್‌ಡ್ರೈವಿನಲ್ಲಿದ್ದುದೆಲ್ಲ ಅಳಿದುಹೋಗುತ್ತದೆ. ಈಚಿನ ಗಣಕಗಳ ಯುಇಎಫ್‌ಐ ಪದ್ಧತಿಗೆ ಇಂತಹ ಮಾಧ್ಯಮ ಸಾಮಾನ್ಯವಾಗಿ ಫ್ಯಾಟ್32 ವಿನ್ಯಾಸದಲ್ಲಿರಬೇಕು. ಆ ವಿನ್ಯಾಸವು 4 ಜಿಬಿಗಿಂತ ದೊಡ್ಡ ಕಡತವನ್ನು ಧರಿಸಲಾರದು. ಆದ್ದರಿಂದ ರೆಸ್ಕ್ಯೂ ಪೆನ್‌ಡ್ರೈವು ಬೇರೆ, ಬಿಂಬಪ್ರತಿಯನ್ನಿಡುವ ಡಿಸ್ಕು ಬೇರೆ ಇರುವುದೇ ಕ್ಷೇಮ.

ಮಾಧ್ಯಮ ಸಿದ್ಧವಾದ ದಿನವೇ ಅದರಿಂದ ಗಣಕವನ್ನು ಆರಂಭಿಸಿ ನೋಡಬೇಕು. ಆರಂಭದ ಕೀಲಿ ಗಣಕದಿಂದ ಗಣಕಕ್ಕೆ ಬೇರೆಯಾಗಿರುತ್ತದೆ. ಸೆಕ್ಯೂರ್ ಬೂಟ್ ಎಂಬ ರಕ್ಷಣೆಯು ಅಪರಿಚಿತ ಮಾಧ್ಯಮವನ್ನು ತಡೆಯಬಹುದು. ಹೊರಗಿನ ಡಿಸ್ಕು ಕಾಣದಿರಬಹುದು. ಈ ಅಡ್ಡಿಗಳು ಆಪತ್ತಿನ ದಿನ ಮೊದಲಬಾರಿಗೆ ಎದುರಾಗಕೂಡದು. ಡಿಸ್ಕಿಗೆ ಬಿಟ್‌ಲಾಕರ್ ಎಂಬ ಗೂಢಲಿಪಿಯ ಕಾವಲಿದ್ದರೆ ಅದರ 48 ಅಂಕೆಗಳ ಮರುಪ್ರಾಪ್ತಿ ಕೀಲಿಯನ್ನು ಕಾಗದದ ಮೇಲೆ ಬರೆದು ಭದ್ರವಾಗಿ ಇಟ್ಟಿರಬೇಕು. ಅದಿಲ್ಲದಿದ್ದರೆ ಡಿಸ್ಕಿನ ಸಂಪೂರ್ಣ ಬಿಂಬವು ಕೈಯಲ್ಲಿದ್ದರೂ ಓದಲಾಗದ ಲಿಪಿಯಂತೆ ಉಳಿಯುವುದು.

5. ಶಿಥಿಲವಾದ ಡಿಸ್ಕಿನ ಉಪಚಾರ

ಡಿಸ್ಕು ಆಗಲೇ ಕೆಡಲಾರಂಭಿಸಿದ್ದರೆ ಮಾರ್ಗ ಬೇರೆ. ಪುಡಿಯಾಗುತ್ತಿರುವ ಗರಿಯನ್ನು ಪಾಠ ಓದುವುದಕ್ಕೆಂದು ಪುನಃಪುನಃ ತಿರುವುವುದು ಹೇಗೆ ಅವಿವೇಕವೋ ಹಾಗೆಯೇ ಇಂತಹ ಡಿಸ್ಕಿನ ಮೇಲೆ ದೋಷಪರಿಹಾರಕ ತಂತ್ರಾಂಶಗಳನ್ನು ಓಡಿಸುವುದು ಅವಿವೇಕ. ಮೊದಲು ಬಿಂಬ, ಆಮೇಲೆ ಚಿಕಿತ್ಸೆ. ಅದೂ ಬಿಂಬದ ಮೇಲೆ, ಮೂಲದ ಮೇಲಲ್ಲ. ಡಿಸ್ಕಿನಿಂದ ಟಕಟಕ ಶಬ್ದ ಬರುತ್ತಿದ್ದರೆ ಅದನ್ನು ಕೂಡಲೇ ನಿಲ್ಲಿಸಿ ತಜ್ಞರಿಗೆ ಒಪ್ಪಿಸುವುದೊಂದೇ ದಾರಿ.

ಈ ಸಂದರ್ಭಕ್ಕೆಂದೇ ಆಂಟೋನಿಯೋ ಡಿಯಾಜ್ ಡಿಯಾಜ್ ಅವರು ರಚಿಸಿದ ಗ್ನೂ ಡಿಡಿರೆಸ್ಕ್ಯೂ ಎಂಬ ತಂತ್ರಾಂಶವುಂಟು. ಅದು ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಬಹುದಾದುದನ್ನೆಲ್ಲ ಸಂಗ್ರಹಿಸಿ, ಕೆಟ್ಟ ಭಾಗಗಳನ್ನು ಹಾರಿಸಿಕೊಂಡು ಮುಂದುವರಿಯುತ್ತದೆ. ಅನಂತರವಷ್ಟೇ ಹಿಂದಿರುಗಿ ಆ ಭಾಗಗಳ ಅಂಚುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸಿ ಓದಲು ಯತ್ನಿಸುತ್ತದೆ. ಯಾವ ಸ್ಥಳ ಓದಲ್ಪಟ್ಟಿತು, ಯಾವುದು ಉಳಿಯಿತು ಎಂಬುದನ್ನು ಮ್ಯಾಪ್‌ಫೈಲ್ ಎಂಬ ಕಡತದಲ್ಲಿ ಬರೆದಿಡುವುದರಿಂದ ಕೆಲಸ ನಡುವೆ ನಿಂತರೂ ನಿಂತಲ್ಲಿಂದಲೇ ಮುಂದುವರಿಸಬಹುದು. ಸಂಪಾದಕನು ಗ್ರಂಥಪಾತವಾದ ಸ್ಥಳಗಳನ್ನು ಗುರುತಿಸಿ ಇಡುವಂತೆ ಈ ಕಡತವು ಡಿಸ್ಕಿನ ಲೋಪಗಳ ಪ್ರಾಮಾಣಿಕ ದಾಖಲೆಯಾಗಿದೆ.

ಇಲ್ಲಿ ಪರಮ ಎಚ್ಚರಿಕೆ ಬೇಕಾದ ಅಂಶವೆಂದರೆ ಮೂಲ ಯಾವುದು, ಪ್ರತಿ ಯಾವುದು ಎಂಬ ನಿರ್ದೇಶ. ಆದೇಶದಲ್ಲಿ ಇವೆರಡು ಅದಲುಬದಲಾದರೆ ಖಾಲಿ ಡಿಸ್ಕು ಮೂಲದ ಮೇಲೆ ಬರೆಯಲ್ಪಟ್ಟು ಸರ್ವಸ್ವವೂ ನಾಶವಾಗುತ್ತದೆ. ಎಸ್‌ಡಿಎ, ಎಸ್‌ಡಿಬಿ ಎಂಬಂತಹ ಹೆಸರುಗಳನ್ನು ನಂಬದೆ ಡಿಸ್ಕಿನ ಗಾತ್ರವನ್ನೂ ಕ್ರಮಸಂಖ್ಯೆಯನ್ನೂ ತಾಳೆ ನೋಡಿದ ಬಳಿಕವೇ ಮುಂದುವರಿಯಬೇಕು.

6. ಪ್ರತಿಯ ಶೋಧನೆ

ಹಿಂದಿನ ಲಿಪಿಕಾರರು 32 ಅಕ್ಷರಗಳಿಗೆ ಒಂದು ಗ್ರಂಥವೆಂಬ ಲೆಕ್ಕದಲ್ಲಿ ಕೃತಿಯ ಗ್ರಂಥಸಂಖ್ಯೆಯನ್ನು ಅಂತ್ಯದಲ್ಲಿ ನಮೂದಿಸುತ್ತಿದ್ದರು. ಪ್ರತಿಯಲ್ಲಿ ಏನಾದರೂ ಬಿಟ್ಟುಹೋಗಿದೆಯೇ ಎಂಬುದನ್ನು ಅದರಿಂದ ಊಹಿಸಬಹುದಾಗಿತ್ತು. ಗಣಕದಲ್ಲಿ ಅದೇ ಉದ್ದೇಶಕ್ಕೆ ಎಸ್‌ಎಚ್‌ಎ-256 ಎಂಬ ಗಣನೆಯುಂಟು. ಎಷ್ಟೇ ದೊಡ್ಡ ಕಡತವಾದರೂ ಅದರಿಂದ 64 ಚಿಹ್ನೆಗಳ ಒಂದು ಮುದ್ರೆ ಹುಟ್ಟುತ್ತದೆ. ಕಡತದಲ್ಲಿ ಒಂದೇ ಒಂದು ಬಿಟ್ ವ್ಯತ್ಯಾಸವಾದರೂ ಮುದ್ರೆ ಪೂರ್ತಿ ಬೇರೆಯಾಗಿ ತೋರುತ್ತದೆ. ಗ್ರಂಥಸಂಖ್ಯೆ ಪರಿಮಾಣವನ್ನು ಮಾತ್ರ ಹೇಳುತ್ತಿತ್ತು, ಈ ಮುದ್ರೆ ಪಾಠದ ಅಭೇದವನ್ನೂ ಹೇಳುತ್ತದೆ. ಬಿಂಬ ತೆಗೆದ ದಿನವೇ ಮುದ್ರೆಯನ್ನು ಬರೆದಿಟ್ಟು, ಕಾಲಕಾಲಕ್ಕೆ ಮತ್ತೆ ಗಣಿಸಿ ತಾಳೆ ನೋಡಬೇಕು.

ಆದರೆ ಮುದ್ರೆ ಸರಿಬಂದ ಮಾತ್ರಕ್ಕೆ ಬಿಂಬವು ಮರಳಿ ಇಳಿಯುತ್ತದೆಂದು ಸಿದ್ಧವಾಗುವುದಿಲ್ಲ. ಬೇರೊಂದು ಖಾಲಿ ಡಿಸ್ಕಿಗೆ ಅದನ್ನು ಇಳಿಸಿ, ಗಣಕವನ್ನು ಅದರಿಂದ ಆರಂಭಿಸಿ, ಸೂಚೀಪಟ್ಟಿಯನ್ನೂ ಕೆಲವು ಗರಿಗಳ ಛಾಯೆಯನ್ನೂ ತೆರೆದು ನೋಡುವುದೇ ನಿಜವಾದ ಶೋಧನೆ. ವರ್ಷಕ್ಕೊಮ್ಮೆಯಾದರೂ ಇದು ನಡೆಯಬೇಕು.

ಬಿಂಬಪ್ರತಿಯು ಮೂಲದ ದೋಷಗಳನ್ನೂ ತಪ್ಪದೆ ಪ್ರತಿ ಮಾಡುತ್ತದೆಂಬುದನ್ನು ಮರೆಯಲಾಗದು. ಅಪಪಾಠವೊಂದು ಪ್ರತಿಯಿಂದ ಪ್ರತಿಗೆ ಸಾಗುವಂತೆ ಕೆಟ್ಟ ಕಡತವೂ ಮುಂದಿನ ಬಿಂಬಗಳಿಗೆ ಸಾಗುತ್ತದೆ. ಆದಕಾರಣ ಹೊಸ ಬಿಂಬ ತೆಗೆದೊಡನೆ ಹಳೆಯದನ್ನು ಅಳಿಸದೆ ದಿನಾಂಕಸಹಿತವಾಗಿ ಎರಡು ಮೂರು ತಲೆಮಾರುಗಳನ್ನು ಇಟ್ಟುಕೊಳ್ಳಬೇಕು. ಕಡತಗಳನ್ನು ಗೂಢಲಿಪಿಗೆ ತಿರುಗಿಸಿ ಹಣ ಕೇಳುವ ರ್‍ಯಾನ್ಸಮ್‌ವೇರ್ ತಂತ್ರಾಂಶಗಳು ಗಣಕಕ್ಕೆ ಜೋಡಿಸಿದ ಡಿಸ್ಕುಗಳನ್ನೂ ಬಿಡವು. ಆದ್ದರಿಂದ ಬಿಂಬದ ಡಿಸ್ಕನ್ನು ಕೆಲಸ ಮುಗಿದ ಮೇಲೆ ಕಳಚಿಡಬೇಕು. ಒಂದು ಪ್ರತಿಯಾದರೂ ಬೇರೆ ಊರಿನ ಭಂಡಾರದಲ್ಲಿರುವುದು ಲೇಸು. ಒಂದೇ ಕಟ್ಟಡದ ಹತ್ತು ಪ್ರತಿಗಳಿಗೂ ಒಂದೇ ಬೆಂಕಿ ಸಾಕು.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಬಿಂಬಪ್ರತಿಯಿಲ್ಲದ ಗಣಕಸಂಗ್ರಹವು ಏಕಪ್ರತಿಯ ಗ್ರಂಥಕ್ಕೆ ಸಮಾನ. ರೆಸ್ಕ್ಯೂ ಮಾಧ್ಯಮವಿಲ್ಲದ ಬಿಂಬಪ್ರತಿ ಸಮಯಕ್ಕೆ ಒದಗದು. ಇವೆರಡೂ ಇದ್ದು, ಇಳಿಸಿ ನೋಡದಿದ್ದರೆ ಅದು ತಾಳೆ ನೋಡದ ಪ್ರತಿಯಂತೆ ಸಂದಿಗ್ಧವೇ ಸರಿ. ಛಾಯಾಗ್ರಹಣದ ಕಾರ್ಯವನ್ನು ಕೈಗೊಳ್ಳುವ ಭಂಡಾರಗಳು ಕ್ಯಾಮೆರಾ, ಸ್ಕ್ಯಾನರುಗಳ ವೆಚ್ಚವನ್ನು ಲೆಕ್ಕ ಹಾಕುವಾಗಲೇ ಹೆಚ್ಚಿನ ಎರಡು ಡಿಸ್ಕುಗಳಿಗೂ ಒಂದು ಪೆನ್‌ಡ್ರೈವಿಗೂ ಶೋಧನೆಗೆ ತಗಲುವ ಕಾಲಕ್ಕೂ ಅವಕಾಶವನ್ನು ಕಲ್ಪಿಸಿಕೊಳ್ಳುವುದು ಯುಕ್ತ.