ಪುಷ್ಯಮಾಘಗಳ ಪಕ್ಷಿಯಾತ್ರೆ

ಆಂಧ್ರದ ಕರಾವಳಿಗೆ ಕಾರ್ತಿಕ ಕಳೆಯುವವರೆಗೂ ಚಂಡಮಾರುತಗಳ ಭೀತಿ ತಪ್ಪಿದ್ದಲ್ಲ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತವು ವಿಶಾಖಪಟ್ಟಣದ ಅಂಚಿನ ಕಂಬಾಲಕೊಂಡದ ವನದಲ್ಲಿ ಅಸಂಖ್ಯ ಮರಗಳನ್ನು ಉರುಳಿಸಿದುದನ್ನು ಕಂಡವರು, ಹಕ್ಕಿಗಳನ್ನು ಅರಸಿ ಕಾಡು ಹೊಗುವ ಸಂಚಾರವನ್ನು ಪುಷ್ಯಮಾಘಗಳಿಗೆ ಇರಿಸಿಕೊಳ್ಳುವುದು ವಿವೇಕವೇ ಸರಿ. ಆ ವೇಳೆಗೆ ಆಗಸ ತಿಳಿಯಾಗಿರುತ್ತದೆ. ಎಲೆಯುದುರಿದ ಕೊಂಬೆಗಳ ನಡುವೆ ದೃಷ್ಟಿ ದೂರ ಹಾಯುತ್ತದೆ. ಸೂರ್ಯನು ದಕ್ಷಿಣಕ್ಕೆ ವಾಲಿ ಸಾಗುವುದರಿಂದ ಬಿಸಿಲು ಓರೆಯಾಗಿ ಬಿದ್ದು ಗರಿಗರಿಯ ವರ್ಣವನ್ನೂ ಎತ್ತಿ ತೋರುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಹಿಮಾಲಯದಿಂದಲೂ ಮಧ್ಯ ಏಷ್ಯದಿಂದಲೂ ಬಂದ ವಲಸೆಹಕ್ಕಿಗಳು ಈ ನಾಡಿನಲ್ಲಿ ನೆಲೆಸಿರುತ್ತವೆ.

ಕ್ಯಾಮರಾ ಹಿಡಿದ ಹೊಸಬರು ಮೊದಲು ಹೋಗಬೇಕಾದುದು, ವಿಜಯವಾಡದ ಪೂರ್ವಕ್ಕೆ ಕೃಷ್ಣಾ ಗೋದಾವರಿಗಳ ಮುಖಜಭೂಮಿಗಳ ನಡುವೆ ಹಬ್ಬಿರುವ ಕೊಲ್ಲೇರು ಸರೋವರಕ್ಕೆ. 1999ರಲ್ಲಿ ಅಭಯಾರಣ್ಯವೆಂದು ಘೋಷಿತವಾಗಿ, 2002ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿದ ಈ ಸರೋವರವನ್ನು ಮೀನುಕೆರೆಗಳ ಒಡ್ಡುಗಳು ನುಂಗುತ್ತ ಬಂದು, ಕಡೆಗೆ 2006ರಲ್ಲಿ ಸರ್ಕಾರವೇ ಅವನ್ನು ಒಡೆಸಬೇಕಾಯಿತೆಂಬುದು ವಿಷಾದದ ಇತಿಹಾಸ. ಕೈಕಲೂರಿನ ಬಳಿಯ ಆಟಪಾಕದಲ್ಲಿ, ತೆಲುಗರು ಗೂಡಬಾತು ಎನ್ನುವ ನಮ್ಮ ಹೆಜ್ಜಾರ್ಲೆಯನ್ನು ಮನದಣಿಯೆ ನೋಡಬಹುದು. ಭಾರವಾದ ಆ ಪಕ್ಷಿ ನೀರಿಗಿಳಿಯುವಾಗ ಜಾಲಪಾದಗಳನ್ನು ಮುಂದಕ್ಕೆ ಚಾಚಿ, ನೀರನ್ನು ಸೀಳುತ್ತ ಬಂದು ನಿಲ್ಲುವ ಕ್ಷಣವನ್ನು ಹಿಡಿಯಬೇಕಾದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ವೇಗದ ಷಟರ್ ಬೇಕು, ಸೂರ್ಯನು ಬೆನ್ನಿಗಿರಬೇಕು. ಕಪ್ಪು ನೀರಿನ ಮುಂದೆ ಬಿಳಿಯ ಹಕ್ಕಿಯಿದ್ದರೆ ಯಂತ್ರವು ಹೇಳಿದ್ದಕ್ಕಿಂತ ಬೆಳಕನ್ನು ಕೊಂಚ ಕಡಮೆ ಮಾಡದಿದ್ದಲ್ಲಿ ಗರಿಗಳ ವಿವರವೆಲ್ಲ ಅಳಿಸಿಹೋಗುತ್ತದೆ.

ಆದರೆ ನನ್ನ ಮನಸ್ಸು ಒಲಿದಿರುವುದು ಕಿರುಹಕ್ಕಿಗಳ ಕಡೆಗೆ. ವಿಜಯವಾಡದ ಪಕ್ಕದ ಕೊಂಡಪಲ್ಲಿಯ ಕಾಡಿನಲ್ಲಿಯೂ ಅವು ಉಂಟು. ಅವುಗಳ ನಿಜವಾದ ಸಾಮ್ರಾಜ್ಯವಾದರೋ ವಿಶಾಖಪಟ್ಟಣದ ಹಿಂದಣ ಪೂರ್ವಘಟ್ಟ. ಅರಕು, ಅನಂತಗಿರಿ, ಮಂಜು ಮುಸುಕುವ ಲಂಬಸಿಂಗಿ ಮುಂತಾದೆಡೆಗಳಲ್ಲಿ, ತೂಕದಲ್ಲಿ ಹತ್ತು ಗ್ರಾಮನ್ನೂ ಮುಟ್ಟದ ಎಲೆ ಉಲಿಯಕ್ಕಿ, ಹಸುರಿನೊಳಗಿನ ಹಸುರಾಗಿ, ಒಂದು ಎಲೆಯ ಅಡಿಯಿಂದ ಮತ್ತೊಂದರ ಅಡಿಗೆ ಹಾರುತ್ತ, ರೆಕ್ಕೆಯನ್ನು ಥಟ್ಟನೆ ಅದುರಿಸಿ ಹುಳುವನ್ನು ಕೊಕ್ಕಿನಿಂದ ಹೆಕ್ಕುವುದನ್ನು ಕಾಣಬಹುದು. ಪಕ್ಷಿವಿಜ್ಞಾನಿ ಟ್ರೆವರ್ ಪ್ರೈಸ್ ಈ ಘಟ್ಟಗಳಲ್ಲಿ ಚಳಿಗಾಲದ ಉಲಿಯಕ್ಕಿಗಳನ್ನು ಅಭ್ಯಸಿಸಿ, ಅವು ಒಂಟಿಯಾಗಿ ತಂತಮ್ಮ ಎಲ್ಲೆಯನ್ನು ಕಾಯ್ದುಕೊಳ್ಳುವುವೆಂದು ತೋರಿಸಿದರು. ಇವರ ಸಂಗಡ ಕೆಲಸ ಮಾಡಿದ ವಿಶಾಖಪಟ್ಟಣದ ಕೆ.ಎಸ್.ಆರ್. ಕೃಷ್ಣರಾಜು ಈ ಕಾಡುಗಳ ಪಕ್ಷಿಗಳನ್ನು ಬಹುವಾಗಿ ಬಲ್ಲವರಾಗಿದ್ದರು. ಇಲ್ಲಿ ಮಿಕ್ಕೆಲ್ಲ ಬಳಗದಿಂದ ಬೇರ್ಪಟ್ಟು ಉಳಿದಿರುವ ಆಬಟ್ ಹರಟೆಮಲ್ಲನ ಉಪಜಾತಿಗೆ 1985ರಲ್ಲಿ ರಿಪ್ಲಿ ಮತ್ತು ಬೀಹ್ಲರ್ ಎಂಬ ವಿದ್ವಾಂಸರು ಕೃಷ್ಣರಾಜು ಅವರ ಹೆಸರನ್ನೇ ಇಟ್ಟರು. ಅಂತಹ ಗೌರವವು ದೊಡ್ಡ ಮಸೂರದಿಂದಲ್ಲ, ದೀರ್ಘಕಾಲದ ನೋಟದಿಂದ ಲಭಿಸುವಂಥದು.

ಹಕ್ಕಿಯನ್ನು ಕರೆಯಲು ದಾಖಲಿಸಿದ ಕೂಗನ್ನು ಫೋನಿನಿಂದ ನುಡಿಸುವ ರೂಢಿ ಈಚೆಗೆ ಬೆಳೆದಿದೆ. ತನ್ನ ಎಲ್ಲೆಯೊಳಕ್ಕೆ ಎದುರಾಳಿ ನುಗ್ಗಿದನೆಂದು ಭ್ರಮಿಸಿದ ಉಲಿಯಕ್ಕಿ, ಮೇವನ್ನು ಬಿಟ್ಟು, ಇಲ್ಲದ ಶತ್ರುವನ್ನು ಹುಡುಕುತ್ತ ಕೊಂಬೆಯಿಂದ ಕೊಂಬೆಗೆ ಅಲೆಯುತ್ತದೆ. ಹಿಮಾಲಯಕ್ಕೆ ಹಿಂದಿರುಗುವ ಪಯಣಕ್ಕಾಗಿ ದಿನವಿಡೀ ಹುಳು ಹೆಕ್ಕಬೇಕಾದ ಜೀವಕ್ಕೆ ಅದು ಅಲ್ಪನಷ್ಟವಲ್ಲ. ಆಟಪಾಕದಲ್ಲಾಗಲಿ ಲಂಬಸಿಂಗಿಯಲ್ಲಾಗಲಿ, ಫೋನನ್ನು ಜೇಬಿನಲ್ಲಿಯೇ ಇರಿಸಿ, ಗೂಡಿನ ಹತ್ತಿರ ಸುಳಿಯದೆ, ಒಂದು ಮರದ ಬುಡದಲ್ಲಿ ಕುಳಿತು ಕಾಯಿರಿ ಎಂದು ಕ್ಯಾಮರಾ ಹಿಡಿದು ಹೊರಡುವ ಎಲ್ಲರಲ್ಲಿಯೂ ನನ್ನ ವಿನಂತಿ.