ಪ್ರತಿ ಮಾಡದೆ ಕಳುಹುವ ವಿದ್ಯೆ

ಓಲೆಗರಿಯ ಕಾಲದಲ್ಲಿ ಒಂದು ಗ್ರಂಥ ಹಲವರ ಕೈಸೇರಬೇಕಾದರೆ ಲಿಪಿಕಾರನು ಅದನ್ನು ಪ್ರತಿ ಮಾಡಲೇಬೇಕಾಗಿತ್ತು. ಪ್ರತಿಯಿಂದ ಪ್ರತಿಗೆ ಪಾಠ ಕೆಡುತ್ತಿದ್ದುದು ಗ್ರಂಥಸಂಪಾದಕರೆಲ್ಲ ಅರಿತ ಕಷ್ಟ. ಗಣಕಯಂತ್ರವೂ ಪ್ರತಿ ಮಾಡುತ್ತದೆ. ಅಲ್ಲಿ ಪಾಠ ಕೆಡುವುದಿಲ್ಲ, ಕಾಲ ಕೆಡುತ್ತದೆ. ಆ ನಷ್ಟವನ್ನು ತಪ್ಪಿಸುವ ಉಪಾಯವೇನು, ಅದಕ್ಕೆ ತೆರಬೇಕಾದ ಬೆಲೆಯೇನು ಎಂಬುದನ್ನು ಈ ಹೊತ್ತು ವಿಚಾರ ಮಾಡೋಣ.

ದೂರದ ಗಣಕದಲ್ಲಿರುವ ಒಂದು ಚಿತ್ರವನ್ನು ನಾವು ಕೇಳಿದೆವೆನ್ನಿ. ಹಳೆಯ ಕ್ರಮದಲ್ಲಿ ಅದಕ್ಕೆ ನಾಲ್ಕು ಸಲ ಸ್ಥಳಾಂತರ. ಮೊದಲು ಡಿಸ್ಕಿನಿಂದ ಆಪರೇಟಿಂಗ್ ಸಿಸ್ಟಮ್ ಎಂಬ ಮೇಲ್ವಿಚಾರಕನ ಸ್ಮರಣಕೋಶಕ್ಕೆ. ಅಲ್ಲಿಂದ ಚಿತ್ರವನ್ನು ಕಳುಹಲಿರುವ ತಂತ್ರಾಂಶದ ಸ್ವಂತ ಕೋಶಕ್ಕೆ. ಮರಳಿ ಮೇಲ್ವಿಚಾರಕನ ಇನ್ನೊಂದು ಕೋಶಕ್ಕೆ. ಕಡೆಗೆ ಹೊರಗಿನ ತಂತಿ ಬಂದು ಸೇರುವ ನೆಟ್‌ವರ್ಕ್ ಕಾರ್ಡಿಗೆ. ಮೊದಲನೆಯದನ್ನೂ ಕೊನೆಯದನ್ನೂ ಆಯಾ ಸಾಧನಗಳೇ ಮಾಡಿಕೊಳ್ಳುತ್ತವೆ. ನಡುವಿನ ಎರಡು ಪ್ರತಿಗಳ ದುಡಿಮೆ ಪ್ರಾಸೆಸರಿನದು.

ತಂತಿಯ ವೇಗ ಕಡಿಮೆಯಿದ್ದಾಗ ಇದು ಹೊರೆಯೆನಿಸಲಿಲ್ಲ. 1998ರಲ್ಲಿ ಸೆಕೆಂಡಿಗೆ 100 ಕೋಟಿ ಬಿಟ್ ಸಾಗಿಸುವ ಈಥರ್‌ನೆಟ್ ಮಾನಕ ಬಂದಿತು. 2002ರಲ್ಲಿ ಅದರ ಹತ್ತುಪಟ್ಟಿನದು. ಈ ಎರಡನೆಯ ವೇಗದಲ್ಲಿ ಅತಿ ಚಿಕ್ಕ ಪ್ಯಾಕೆಟ್ಟುಗಳು ಸೆಕೆಂಡಿಗೆ ಸುಮಾರು 1 ಕೋಟಿ 48 ಲಕ್ಷ ಬರಬಲ್ಲವು. ಒಂದೊಂದಕ್ಕೆ ದೊರೆಯುವ ಕಾಲ ಸುಮಾರು 67 ನ್ಯಾನೋಸೆಕೆಂಡು, ಅಂದರೆ ಸೆಕೆಂಡಿನ 100 ಕೋಟಿ ಪಾಲುಗಳಲ್ಲಿ 67 ಪಾಲು. ಮುಖ್ಯ ಸ್ಮರಣಕೋಶವನ್ನು ಒಮ್ಮೆ ಮುಟ್ಟಿ ಬರುವುದಕ್ಕೇ ಹೆಚ್ಚುಕಡಿಮೆ ಅಷ್ಟು ಹೊತ್ತು ಬೇಕು. ಇನ್ನು ಪ್ರತಿ ಮಾಡಲು ವ್ಯವಧಾನವೆಲ್ಲಿ?

ಉಪಾಯವಿಷ್ಟೆ: ಸರಕನ್ನು ಹೊರುವ ಬದಲು ಅದರ ವಿಳಾಸವನ್ನು ಕೊಡುವುದು. ಕಾರ್ಡನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶವು, ‘ಇಂಥ ಎಡೆಯಲ್ಲಿ ಇಷ್ಟು ಮಾಹಿತಿಯಿದೆ’ ಎಂಬ ಚೀಟಿಯನ್ನು ಒಂದು ಸುತ್ತುಪಟ್ಟಿಯಲ್ಲಿ ಬರೆದಿಡುತ್ತದೆ. ಕಾರ್ಡು ಆ ಚೀಟಿಯನ್ನೋದಿ, ಪ್ರಾಸೆಸರನ್ನು ಕರೆಯದೆ ಮಾಹಿತಿಯನ್ನು ತಾನೇ ಸೆಳೆದುಕೊಳ್ಳುತ್ತದೆ. ಪ್ರತಿ ಮಾಡುವಾಗಲೇ ಮುಗಿಯುತ್ತಿದ್ದ ತಾಳೆಲೆಕ್ಕವೂ ಈಗ ಕಾರ್ಡಿನ ಪಾಲಿಗೆ ಬೀಳುತ್ತದೆ. ಲಿನಕ್ಸ್ ವ್ಯವಸ್ಥೆಗೆ ‘ಸೆಂಡ್‌ಫೈಲ್’ ಎಂಬ ಸೌಲಭ್ಯ 1999ರಲ್ಲಿ ಬಂದಿತ್ತು. 2001ರ ಹೊತ್ತಿಗೆ, ತಕ್ಕ ಕಾರ್ಡಿದ್ದಲ್ಲಿ, ನಡುವಿನ ಎರಡು ಪ್ರತಿಗಳೂ ಇಲ್ಲದಂತಾದವು.

ಹಾಗಾದರೆ ಹಿಂದಿನವರು ವೃಥಾ ಶ್ರಮಪಟ್ಟರೇ? ಇಲ್ಲ. ಪ್ರತಿಯೆಂಬುದು ಒಡೆತನದ ಇತ್ಯರ್ಥವೂ ಆಗಿತ್ತು. ಪ್ರತಿ ಕೊಟ್ಟ ಮೇಲೆ ತನ್ನ ಹಾಳೆಯನ್ನು ತಿದ್ದಲು ಕಳುಹಿದವನು ಸ್ವತಂತ್ರ. ವಿಳಾಸ ಮಾತ್ರ ಕೊಟ್ಟರೆ ಹಾಳೆ ಒಂದೇ, ಕೈ ಎರಡು. ಕಾರ್ಡು ಓದುತ್ತಿರುವಾಗಲೇ ಇವನು ತಿದ್ದಿದರೆ, ಖಾತೆಯ ಲೆಕ್ಕವೊಂದು ಅರ್ಧ ಹಳತು ಅರ್ಧ ಹೊಸತಾಗಿ ಊರು ಸೇರೀತು. ಅಷ್ಟೇ ಅಲ್ಲ, ದಾರಿಯಲ್ಲಿ ಕಳೆದುಹೋದದ್ದನ್ನು ಮತ್ತೆ ಕಳುಹಬೇಕಾದೀತು. ಆದ್ದರಿಂದ ಆಚೆಯವರು ‘ತಲುಪಿತು’ ಎನ್ನುವವರೆಗೂ ಹಾಳೆಯನ್ನು ಮುಟ್ಟಲಾಗದು. 2017ರಲ್ಲಿ ಲಿನಕ್ಸಿಗೆ ಸೇರಿದ ಪ್ರತಿರಹಿತ ರವಾನೆಯ ಕ್ರಮದಲ್ಲಿ, ‘ಇನ್ನು ಈ ಹಾಳೆ ನಿನ್ನದು’ ಎಂಬ ತಿಳಿವಳಿಕೆ ತಂತ್ರಾಂಶಕ್ಕೆ ಪ್ರತ್ಯೇಕವಾಗಿ ಬರುತ್ತದೆ. ಈ ಕಾವಲಿಗೂ ಖರ್ಚುಂಟು. ಸುಮಾರು 10 ಕಿಲೋಬೈಟಿಗಿಂತ ಚಿಕ್ಕದಾದ ಸಂದೇಶಕ್ಕೆ ಹಳೆಯ ನಕಲೇ ಅಗ್ಗ.

ಬರಮಾಡಿಕೊಳ್ಳುವ ಕೆಲಸ ಇನ್ನೂ ತೊಡಕಿನದು. ತಲೆಬರಹವನ್ನು ಓದುವ ತನಕ ಬಂದದ್ದು ಯಾರಿಗೆಂದು ತಿಳಿಯದು. ತಿಳಿಯುವ ಮುನ್ನವೇ ಅದನ್ನು ಎಲ್ಲಾದರೂ ಇಳಿಸಲೇಬೇಕು. ತಲೆಬರಹವನ್ನೂ ಒಡಲನ್ನೂ ಬೇರ್ಪಡಿಸುವ ಜಾಣ್ಮೆಯನ್ನು ಕೆಲವು ಕಾರ್ಡುಗಳಿಗೇ ಕಲಿಸಿರುವುದು ಇದಕ್ಕಾಗಿ.

ಪ್ರತಿಯು ನಂಬಿಕೆಯ ಕೊರತೆಗೆ ನಾವು ತೆರುತ್ತಿದ್ದ ಸುಂಕ. ಸುಂಕ ಉಳಿಯಬೇಕಾದರೆ, ಯಾವ ಹೊತ್ತಿನಲ್ಲಿ ಯಾವುದು ಯಾರದೆಂಬ ಕರಾರು ಯಂತ್ರಗಳ ನಡುವೆಯೂ ಚ್ಯುತಿಯಿಲ್ಲದೆ ನಡೆಯಬೇಕು.